ನಲವತ್ತು ಸೆಕೆಂಡಿನ ಗಡುವು

"ಹದಿನೇಳನೆಯ ಆಸನ. ಗೊಂದಲ ಮೂವತ್ತೆರಡು ಸೆಕೆಂಡು. ದಯವಿಟ್ಟು ಸುಳಿವು ಕೊಡಿ."

ಎಡಗಿವಿಯೊಳಗೆ ಸಿಕ್ಕಿಸಿಕೊಂಡ ಗುಂಡಿ ಹೀಗೆ ಉಲಿದಾಗ ಇಂದುಮತಿ ಬೀಳಗಿಯವರು ಕರಿಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸಿ ಇನ್ನೂ ಸೀಮೆಸುಣ್ಣ ಕೆಳಗಿಟ್ಟಿರಲಿಲ್ಲ. ಅವರಿಗೆ ಮೈಯೆಲ್ಲ ಉರಿಯಿತು. ಲೆಕ್ಕ ಕೊಟ್ಟು ಅರ್ಧ ನಿಮಿಷವಾಗಿದೆ, ಮಗು ಅದನ್ನು ಎರಡನೆಯ ಸಲ ಓದಿಲ್ಲ, ಆಗಲೇ ಗೊಂದಲವಂತೆ! ಗೊಂದಲವಾಗದೆ ಇನ್ನೇನಾಗಬೇಕು? ಗೊಂದಲವಾಗಲಿ ಎಂದೇ ಅಲ್ಲವೆ ಲೆಕ್ಕ ಕೊಡುವುದು?

ಹಾಲಗುಡ್ಡದ ಸರಕಾರಿ ಶಾಲೆಯ ಏಳನೆಯ ತರಗತಿಯಲ್ಲಿ ಇಪ್ಪತ್ತೆಂಟು ಮಕ್ಕಳು. ಇಪ್ಪತ್ತೆಂಟೂ ಹಣೆಗೆ ಬೂದು ಬಣ್ಣದ ಪಟ್ಟಿ ಕಟ್ಟಿಕೊಂಡಿದ್ದವು. ಪಟ್ಟಿಯ ನಡುವೆ ಒಂದು ದೀಪ. ಮಗುವಿಗೆ ತಿಳಿಯುತ್ತಿದ್ದರೆ ಹಸಿರು, ತಡವರಿಸಿದರೆ ಹಳದಿ, ತಡವರಿಕೆ ನಲವತ್ತು ಸೆಕೆಂಡು ದಾಟಿದರೆ ಕೆಂಪು. ತಲೆಯೊಳಗಿನ ಸಣ್ಣ ಸಣ್ಣ ವಿದ್ಯುತ್ತಿನ ಅಲೆಗಳನ್ನು ಪಟ್ಟಿ ಓದುತ್ತದೆ; ಬುದ್ಧಿ ಎಲ್ಲೋ ಸಿಕ್ಕಿಕೊಂಡಾಗ ಏಳುವ ಅಲೆಯೊಂದಿದೆ, ಅದನ್ನು ಕಂಡುಹಿಡಿದದ್ದೇ ಈ ಶತಮಾನದ ದೊಡ್ಡ ಸಾಧನೆ ಎಂದು ತರಬೇತಿಯಲ್ಲಿ ಹೇಳಿದ್ದರು. ಹಳದಿ ಆರದಿದ್ದರೆ ಮಗುವಿನ ಮುಂದಿನ ಟ್ಯಾಬ್ಲೆಟ್ಟು ಒಂದು ಸುಳಿವು ಕೊಡುತ್ತದೆ. ಸಾಲದಿದ್ದರೆ ಅರ್ಧ ಉತ್ತರ. ಅದೂ ಸಾಲದಿದ್ದರೆ ಪೂರ್ತಿ ಉತ್ತರ. ಆಮೇಲೆ ಕಿಣಿಕಿಣಿ ಎಂದು ರಾಗ, ಪರದೆಯ ಮೇಲೊಂದು ತಾವರೆ ಹೂ. ಯೋಜನೆಯ ಹೆಸರು 'ಸುಗಮ'. ಅದರ ಮೂಲಮಂತ್ರ ಒಂದೇ: ಯಾವ ಮಗುವೂ ನಲವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಗೊಂದಲದಲ್ಲಿ ಇರಬಾರದು.

ಹಲಗೆಯ ಮೇಲಿನ, ಟ್ಯಾಬ್ಲೆಟ್ಟುಗಳೂ ಓದಿಕೊಂಡ ಲೆಕ್ಕ ಇಂದುಮತಿಯವರದೇ. ಊರು ನೇಕಾರರದು, ಆದ್ದರಿಂದ ಲೆಕ್ಕವೂ ಮಗ್ಗದ್ದು. ಹೊಸದಾಗಿ ಮಗ್ಗಕ್ಕೆ ಕೂತ ಹುಡುಗಿ ದಿನಾ ಬೆಳಿಗ್ಗೆ ನಾಲ್ಕು ಗೇಣು ನೇಯುತ್ತಾಳೆ. ಸಂಜೆ ತಪ್ಪು ಕಂಡು ಎರಡು ಗೇಣು ಬಿಚ್ಚುತ್ತಾಳೆ. ಇಪ್ಪತ್ತು ಗೇಣಿನ ಬಟ್ಟೆ ಎಷ್ಟನೆಯ ದಿನ ಮಗ್ಗದಿಂದ ಇಳಿಯುತ್ತದೆ?

ಒಂದೂವರೆ ನಿಮಿಷದಲ್ಲಿ ಇಪ್ಪತ್ತೇಳು ತಾವರೆಗಳು ಅರಳಿದವು. ಇಪ್ಪತ್ತೇಳು ಮಕ್ಕಳು 'ಒಂಬತ್ತು' ಎಂದು ಬರೆದು ಕೈಕಟ್ಟಿ ಕೂತವು. ಹದಿನೇಳನೆಯ ಆಸನದ ಬನಶಂಕರಿ ಮಾತ್ರ ಟ್ಯಾಬ್ಲೆಟ್ಟನ್ನು ಬೋರಲು ಹಾಕಿ, ಲಂಗದ ಅಂಚಿನಿಂದ ಎಳೆದ ದಾರಕ್ಕೆ ಗಂಟು ಹಾಕುತ್ತಾ, ಬಿಚ್ಚುತ್ತಾ ಕೂತಿದ್ದಳು. ಅವಳ ಹಣೆಯ ಮೇಲೆ ಕೆಂಪು ದೀಪ. ಐದು ನಿಮಿಷ ಕೆಂಪು, ಹತ್ತು ನಿಮಿಷ ಕೆಂಪು. ಕಿವಿಯ ಗುಂಡಿ ಬಡಬಡಿಸುತ್ತಲೇ ಇತ್ತು. ಇಪ್ಪತ್ತೆರಡನೆಯ ನಿಮಿಷಕ್ಕೆ ಹುಡುಗಿ ತಲೆಯೆತ್ತಿದಳು.

"ಒಂಬತ್ತರಿ ಅಕ್ಕೋರ. ಮೊದ್ಲ ನಾನೂ ಹತ್ತ ಅನ್ಕೊಂಡಿದ್ದೆ. ಆದ್ರ ಬಟ್ಟಿ ಮುಗದ ಮ್ಯಾಲ ಬಿಚ್ಚೂದ್ಯಾಕ್ರಿ? ಕೊನೀ ದಿನದ್ದ ನಾಕ ಗೇಣ ಮೊದ್ಲ ತಗದಿಟ್ಟಬಿಡಬೇಕು. ಉಳದಿದ್ದಕ್ಕ ಎರಡೆರಡ ಎಣಸಬೇಕು. ಗೇಣ ಎಷ್ಟರ ಇರ್ಲಿ, ಹಿಂಗ ಮಾಡಿದ್ರ ಬರ್ತೈತ್ರಿ."

ಆ ಮುಖ ನೋಡಬೇಕಿತ್ತು. ಹಬ್ಬದ ದಿನ ಹೊಸ ಬಟ್ಟೆ ಉಟ್ಟವಳ ಮುಖ. ಇಂದುಮತಿಯವರು ಇಪ್ಪತ್ತಾರು ವರ್ಷ ಮಾಸ್ತರಿಕೆ ಮಾಡಿದ್ದು ಇಂಥ ಮುಖಗಳಿಗಾಗಿಯೇ. ಸಂಜೆ ಬಂದ ವರದಿಯಲ್ಲಿ ಮಾತ್ರ ಹೀಗಿತ್ತು: "ಆಸನ 17. ಗೊಂದಲ ತೀವ್ರ. ಸುಳಿವಿಗೆ ಸ್ಪಂದನೆ ಇಲ್ಲ. ಕಲಿಕೆ ಶೂನ್ಯ."

ಸಿಟ್ಟು ಬರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಸುಗಮದವರು ಹೇಳುತ್ತಿದ್ದ ಸಿದ್ಧಾಂತಗಳು ಯಾವುವೂ ಸುಳ್ಳಲ್ಲ. ಸರಿ ಮಾಡಿದ ಮಗುವಿಗೆ ಮೆಚ್ಚುಗೆ ಸಿಕ್ಕರೆ ಮತ್ತೆ ಮಾಡುತ್ತದೆ, ನಿಜ. ಕೈಗೆ ಎಟುಕದ್ದನ್ನು ಹಿರಿಯರ ಆಸರೆಯಿಂದ ಎಟುಕಿಸಿಕೊಳ್ಳುತ್ತದೆ, ಅದೂ ನಿಜ. ಗೊತ್ತಿದ್ದದ್ದಕ್ಕೂ ಗೊತ್ತಿಲ್ಲದ್ದಕ್ಕೂ ತಿಕ್ಕಾಟ ಹತ್ತಿದಾಗ ಬುದ್ಧಿ ಹೊಸದೊಂದನ್ನು ಕಟ್ಟಿಕೊಳ್ಳುತ್ತದೆ, ಇದಂತೂ ನೂರಕ್ಕೆ ನೂರು ನಿಜ. ಟ್ರೇನಿಂಗ್ ಕಾಲೇಜಿನಲ್ಲಿ ಇವನ್ನೆಲ್ಲ ಓದಿದಾಗ ಇಂದುಮತಿಯವರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ, ಅಷ್ಟು ಖುಷಿಯಾಗಿತ್ತು. ಈ ಮಹಾನುಭಾವರು ಮಾಡಿದ್ದೇನು? ಮೆಚ್ಚುಗೆಯನ್ನು ಕಿಣಿಕಿಣಿ ರಾಗ ಮಾಡಿದರು. ಆಸರೆಯನ್ನು ಕೊಡುವುದು ಕಲಿತರು, ತೆಗೆಯುವುದು ಕಲಿಯಲಿಲ್ಲ. ಗೋಡೆ ಎದ್ದಮೇಲೆ ಸಾರುವೆ ಬಿಚ್ಚಬೇಕೆಂದು ಗೌಂಡಿಗೂ ಗೊತ್ತಿರುತ್ತದೆ. ಆ ಮೂರನೆಯ ಮಾತನ್ನಂತೂ, ತಿಕ್ಕಾಟದ ಮಾತನ್ನು, ರೋಗವೆಂದು ಕರೆದು ಅದಕ್ಕೆ ಮದ್ದು ಕಂಡುಹಿಡಿದರು.

ಆ ವಾರವೇ ಒಂದು ದಿನ ನೆಟ್‌ವರ್ಕ್ ಹೋಯಿತು. ಇಂದುಮತಿಯವರು ಅದೇ ಲೆಕ್ಕವನ್ನು ತುಸು ತಿರುವಿ ಕೊಟ್ಟರು: ಐದು ಗೇಣು ನೇಯುತ್ತಾಳೆ, ಎರಡು ಬಿಚ್ಚುತ್ತಾಳೆ, ಬಟ್ಟೆ ಇಪ್ಪತ್ತೇ ಗೇಣು. ಮಕ್ಕಳು ಲೆಕ್ಕ ಓದಿದವು. ಓದಿ, ಟ್ಯಾಬ್ಲೆಟ್ಟಿನ ಖಾಲಿ ಪರದೆ ನೋಡುತ್ತಾ ಕೂತವು. ಮೊದಲು ಪೆನ್ನು ಕೆಳಗಿಟ್ಟದ್ದು ತರಗತಿಗೇ ಮೊದಲಿಗನಾದ ವಿರೂಪಾಕ್ಷ. "ಅಕ್ಕೋರ, ಇನ್ನೂ ಸುಳಿವ ಬಂದಿಲ್ರಿ," ಎಂದ, ಊಟಕ್ಕೆ ಕೂತವನು ಇನ್ನೂ ಬಡಿಸಿಲ್ಲ ಎನ್ನುವ ಧಾಟಿಯಲ್ಲಿ. ಇನ್ನೊಂದು ಹುಡುಗಿಗೆ ಅಳುವೇ ಬಂತು. ಬನಶಂಕರಿ ಒಬ್ಬಳೇ ದಾರ ಎಳೆದಳು. "ಆರನೇ ದಿನ," ಎಂದಳು. ಈ ಸಲ ಮೂರು ನಿಮಿಷವೂ ಹಿಡಿಯಲಿಲ್ಲ.

ಮರುವಾರ ಹೆಡ್‌ಮಾಸ್ತರ ಕೋರಿಯವರು ಒಂದು ಕಾಗದವನ್ನು ಮೇಜಿನ ಮೇಲೆ ಸರಿಸಿ, ತಾವು ಕಿಟಕಿಯ ಕಡೆ ನೋಡಿದರು. ಬನಶಂಕರಿಯ ಮೂರು ತಿಂಗಳ ದೀಪದ ಲೆಕ್ಕಾಚಾರ ಮುಗಿದಿತ್ತು. ಅವಳನ್ನು ಎಂಟನೆಯ ತರಗತಿಗೆ ಕಳಿಸದೆ ಬಾಗಲಕೋಟೆಯ ಕೈಕೆಲಸ ವಿಭಾಗಕ್ಕೆ ಕಳಿಸಬೇಕೆಂದು ಯಂತ್ರದ ಶಿಫಾರಸು. ಅಲ್ಲಿ ಗಣಿತ ಇಲ್ಲ, ವಿಜ್ಞಾನ ಇಲ್ಲ, ಹೊಲಿಗೆ ಇದೆ. ಕೆಳಗೆ ತರಗತಿ ಶಿಕ್ಷಕರ ಸಹಿಗೆ ಜಾಗ. ತಿಂಗಳ ಗಡುವು.

"ಸರ್, ಈ ಶಾಲ್ಯಾಗ ವಿಚಾರ ಮಾಡೂ ಹುಡುಗಿ ಅಂದ್ರ ಅದೊಂದ ಉಳದೈತ್ರಿ!"

"ನಂಗೂ ಗೊತ್ತೈತ್ರಿ ಬೀಳಗಿ ಮೇಡಮ್ಮಾರ. ಆದ್ರ ದೀಪ ಕೆಂಪ ಐತೆಲ್ರಿ. ದೀಪಕ್ಕ ನಾನೇನ ಹೇಳ್ಲಿ?" ಎಂದರು ಕೋರಿಯವರು.

*

ಬನಶಂಕರಿಯ ಮನೆ ಎಂದರೆ ಒಂದು ಕುಣಿಮಗ್ಗ ಮತ್ತು ಅದರ ಸುತ್ತ ಉಳಿದ ಜಾಗ. ತಾಯಿ-ತಂದೆ ಇಬ್ಬರೂ ಬಣ್ಣದ ಕಾರ್ಖಾನೆಗೆ ಹೋಗುತ್ತಿದ್ದರು. ಮನೆಯಲ್ಲಿ ಕುಪ್ಪಸದ ಖಣ ನೇಯುವವಳು ಅಜ್ಜಿ ದಾನವ್ವ. ಇಂದುಮತಿಯವರು ಹೋದಾಗ ಮೊಮ್ಮಗಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಲಾಳಿ ನಿಂತಿತ್ತು. ಅಂಚಿನಲ್ಲಿ ಎಲ್ಲೋ ಎಳೆ ತಪ್ಪಿತ್ತು. ಹುಡುಗಿ ಸುಮ್ಮನೆ ಬಟ್ಟೆಯನ್ನು ದಿಟ್ಟಿಸುತ್ತಿದ್ದಳು. ಅಜ್ಜಿ ಬಾಗಿಲಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಎಲ್ಲಿ ತಪ್ಪೈತಿ ನಿಮಗ ಕಾಣಸ್ತೈತೇನವ್ವಾ?" ಎಂದರು ಇಂದುಮತಿ.

"ಬಾಗಲಾಗ ಕುಂತ ಕಾಣಸ್ತೈತ್ರಿ ಅಕ್ಕೋರ. ನಾ ಹೇಳಾಂಗಿಲ್ಲ." ಅಜ್ಜಿ ದನಿ ತಗ್ಗಿಸಿದಳು. "ನಮ್ಮ ಮನ್ಯಾಗ ಹಂಗ ಐತ್ರಿ. ತಪ್ಪ ಮಾಡಿದಾಕಿ ತಾನ ಅದನ್ನ ಹುಡಕಬೇಕು, ತಾನ ಬಿಚ್ಚಬೇಕು. ಹುಡಕೂಮಟಾ ಮಗ್ಗದ ಮುಂದ ಯಾರೂ ಮಾತಾಡಾಂಗಿಲ್ಲ. ನಮ್ಮತ್ತಿ ನನ್ನ ಒಂದಿನಾ ಪೂರಾ ಹಿಂಗ ಕುಂದರಿಸಿದ್ಳು. ಆವತ್ತ ಬೈದೆ ಆಕೀನ. ಆಮ್ಯಾಲ ನಲವತ್ತ ವರ್ಷ ಆ ತಪ್ಪ ನನ್ನ ಕೈಯಾಗ ಮತ್ತ ಬರ್ಲಿಲ್ಲ."

ಇಂದುಮತಿಯವರು ಕಾಗದ ಚೀಲದಿಂದ ತೆಗೆದು ವಿಷಯ ಹೇಳಿದರು. ಅಜ್ಜಿಗೆ ಪೂರ್ತಿ ತಿಳಿಯಲಿಲ್ಲ. ತಿಳಿದಷ್ಟಕ್ಕೇ ಕುಟ್ಟಾಣಿ ನಿಂತಿತು. "ಅಂದ್ರ ನಮ್ಮ ಕೂಸು ಶ್ಯಾಣ್ಯಾ ಅಲ್ಲ ಅಂತೇನ್ರಿ ಆ ಪಟ್ಟಿ?"

ಕುಣಿಯೊಳಗಿಂದ ಬನಶಂಕರಿ ತಿರುಗಿದಳು. ಅಷ್ಟನ್ನೂ ಕೇಳಿಸಿಕೊಂಡಿದ್ದಳು. "ಎಂಟನೇತ್ತಾಗ ಬೀಜಗಣಿತ ಬರ್ತೈತೆಲ್ರಿ ಅಕ್ಕೋರ? ಅದ್ರಾಗ ಗೊತ್ತಿಲ್ಲದ್ದಕ್ಕ ಒಂದ ಹೆಸರ ಇಟ್ಟ, ಅದನ್ನ ಹುಡಕ್ತಾರಂತ. ಅದನ್ನ ಕಲಸಾಂಗಿಲ್ಲೇನ್ರಿ ನನಗ?"

ಅಂದು ಇಂದುಮತಿಯವರು ಮನೆಗೆ ನಡೆದು ಹೋಗುವಾಗ ಒಂದು ತೀರ್ಮಾನ ಮಾಡಿದರು. ಅದು ತಪ್ಪು ತೀರ್ಮಾನ. ಆದರೆ ಆ ಹೊತ್ತಿಗೆ ಅದರಷ್ಟು ಸರಿಯಾದದ್ದು ಇನ್ನೊಂದಿಲ್ಲ ಅನ್ನಿಸಿತ್ತು.

ತುಂಬ ಗೊತ್ತಿರುವುದನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಪಟ್ಟಿ ಹಸಿರಾಗುತ್ತದೆ ಎಂದು ಅವರು ಹಿಂದೆಯೇ ಕಂಡುಕೊಂಡಿದ್ದರು. ಮರುದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬನಶಂಕರಿಯನ್ನು ಕರೆದು, "ತಂಗಿ, ಲೆಕ್ಕದ ಹೊತ್ತಿನ್ಯಾಗ ಎರಡರ ಮಗ್ಗಿ ಹೇಳ್ಕೋತ ಕುಂದ್ರು. ಎರಡೊಂದ್ಲಿ ಎರಡು, ಎರಡೆರಡ್ಲಿ ನಾಕು. ಸುಳಿವ ಬಂದ್ರ ಅದನ್ನ ನೋಡಿ ಬರದಬಿಡು," ಎಂದರು. ಯಂತ್ರದ ಕಣ್ಣಿಗೆ ಮಣ್ಣೆರಚಲು ಹೇಳಿಕೊಟ್ಟ ಆ ಗಳಿಗೆಯಲ್ಲಿ ಅವರಿಗೆ ನಗುವೂ ಬಂದಿತ್ತು.

ಮೂರು ವಾರ ಹದಿನೇಳನೆಯ ಆಸನ ಗದ್ದೆಯ ಪೈರಿನಂತೆ ಹಸಿರಾಗಿತ್ತು. ಶಿಫಾರಸಿನ ಮೇಲೆ 'ತಡೆಹಿಡಿಯಲಾಗಿದೆ' ಎಂಬ ಮುದ್ರೆ ಬಿತ್ತು. ಕೋರಿಯವರು ಬೆಲ್ಲದ ಚಹಾ ತರಿಸಿದರು. ನಾಲ್ಕನೆಯ ವಾರ ಸುತ್ತೋಲೆ ಬಂತು.

"ಹಾಲಗುಡ್ಡ ಶಾಲೆಯ ವಿದ್ಯಾರ್ಥಿನಿಯೊಬ್ಬಳಲ್ಲಿ ಸುಗಮದ ಸುಳಿವುಗಳು ತಂದ ಅಸಾಧಾರಣ ಸುಧಾರಣೆಯ ಆಧಾರದ ಮೇಲೆ, ಗೊಂದಲದ ಮಿತಿಯನ್ನು ಜಿಲ್ಲೆಯ ಎಲ್ಲ ಶಾಲೆಗಳಲ್ಲಿ ಸೋಮವಾರದಿಂದ ನಲವತ್ತು ಸೆಕೆಂಡಿನಿಂದ ಹದಿನೈದು ಸೆಕೆಂಡಿಗೆ ಇಳಿಸಲಾಗುವುದು. ಶುಕ್ರವಾರ ಬಾಗಲಕೋಟೆಯ ನಿಯಂತ್ರಣ ಕೊಠಡಿಯಲ್ಲಿ ಹೊರಜಿಲ್ಲೆಗಳ ಅಧಿಕಾರಿಗಳ ಮುಂದೆ ಪ್ರಾತ್ಯಕ್ಷಿಕೆ ಇದೆ. ಸದರಿ ವಿದ್ಯಾರ್ಥಿನಿಯನ್ನು ಕರೆತರತಕ್ಕದ್ದು."

ಇಂದುಮತಿಯವರು ಸುತ್ತೋಲೆಯನ್ನು ಎರಡು ಸಲ ಓದಿದರು. ಜಿಲ್ಲೆಯ ಒಂದು ಲಕ್ಷ ಮಕ್ಕಳ ತಲೆಯೊಳಗಿಂದ ಇಪ್ಪತ್ತೈದು ಸೆಕೆಂಡು ಕಿತ್ತುಕೊಂಡವರು ಯಾರು? ತಾವೇ. ಒಂದು ಹುಡುಗಿಗೆ ಕಲಿಸಿದ ಸುಳ್ಳಿನಿಂದ. ಈಗ ಬಾಯಿ ಬಿಟ್ಟರೆ ಆ ಹುಡುಗಿ ಮತ್ತೆ ಕೆಂಪು, ಎಂಟನೆಯ ತರಗತಿಯ ಬಾಗಿಲು ಮುಚ್ಚಿದಂತೆ. ಬಾಯಿ ಬಿಡದಿದ್ದರೆ ಉಳಿದವರ ಗತಿ?

ದಾರಿ ತೋರಿಸಿದವಳು ಬನಶಂಕರಿಯೇ. ಶಾಲೆ ಬಿಟ್ಟಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಆ ಮುಖದಲ್ಲಿ ಹಬ್ಬದ ಕಳೆ ಇರಲಿಲ್ಲ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಾ ಇನ್ನ ಮಗ್ಗಿ ಹೇಳಾಂಗಿಲ್ರಿ."

"ಯಾಕವ್ವಾ?"

"ಮಗ್ಗಿ ಹೇಳ್ಕೋತ ಕುಂತ್ರ ತಲಿ ತುಂಬಿರ್ತೈತ್ರಿ. ಲೆಕ್ಕ ಒಳಗ ಬರಾಂಗಿಲ್ರಿ. ನಿನ್ನಿ ಮನ್ಯಾಗ ಎಳಿ ತಪ್ಪಿತ್ತು. ಎಷ್ಟ ನೋಡಿದ್ರೂ ಸಿಗಲಿಲ್ರಿ. ಸುಮ್ಮ ಕುಂದರಾಕ ಹೋದ್ರ ಎರಡೊಂದ್ಲಿ ಎರಡು ಅಂತ ಶುರು ಆಗತೈತ್ರಿ. ಅಜ್ಜಿ ತೋರಿಸ್ಯಾಳ್ರಿ, ಎಲ್ಲಿ ತಪ್ಪಿತ್ತಂತ." ಹುಡುಗಿ ಲಂಗದ ಅಂಚಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಅಜ್ಜಿ ಎಂದೂ ತೋರಿಸಿದಾಕಿ ಅಲ್ರಿ. ನನಗ ಕೆಂಪ ಇರ್ಲಿ ಬಿಡ್ರಿ."

ಇಂದುಮತಿಯವರು ಅವಳನ್ನು ಹತ್ತಿರ ಎಳೆದುಕೊಂಡರು. ಯಂತ್ರ ಮಾಡಲಾರದ ಕೆಲಸವನ್ನು ತಾವೇ ಕೈಯಾರೆ ಮಾಡಿ ಮುಗಿಸಿದ್ದರು.

*

ನಿಯಂತ್ರಣ ಕೊಠಡಿ ತಣ್ಣಗಿತ್ತು. ಒಂದು ಗೋಡೆಯಗಲ ಪರದೆ, ಅದರಲ್ಲಿ ಇಡೀ ಜಿಲ್ಲೆ. ಒಂದೊಂದು ಶಾಲೆಯೂ ಒಂದೊಂದು ಚುಕ್ಕೆ, ಬಹುಪಾಲು ಹಸಿರು. ಕಂಪ್ಯೂಟರುಗಳ ಮುಂದೆ ಕೆಲಸ ಮಾಡುತ್ತಿದ್ದವಳು ರುಖಿಯಾ ಮುಲ್ಲಾ ಎಂಬ ಇಂಜಿನಿಯರು ಹುಡುಗಿ. ಪಟ್ಟಿಗಳಿಂದ ಬರುವ ಅಲೆಗಳನ್ನೆಲ್ಲ ಸೋಸಿ, ಜೋಡಿಸಿ ಇಡುವುದು ಅವಳ ಕೆಲಸ. ಯೋಜನೆಯ ನಿರ್ದೇಶಕ ಡಾ. ತ್ರಿವಿಕ್ರಮ ದೇಸಾಯಿ ಬೆಂಗಳೂರಿನವರು, ಮೃದುಮಾತಿನವರು. ಎಂಟು ಹತ್ತು ಮಂದಿ ಹೊರಜಿಲ್ಲೆಯ ಅಧಿಕಾರಿಗಳು ಗೋಡಂಬಿ ತಿನ್ನುತ್ತಾ ಕೂತಿದ್ದರು.

"ಬನ್ನಿ ಮೇಡಮ್, ಬನ್ನಿ. ಇವಳೇನಾ ನಮ್ಮ ಸ್ಟಾರು?" ದೇಸಾಯಿ ಬನಶಂಕರಿಯ ಕೆನ್ನೆ ತಟ್ಟಲು ಹೋದರು. ಅವಳು ಹಿಂದೆ ಸರಿದಳು.

"ಸರ್, ಮೊದ್ಲ ಒಂದ ಮಾತು," ಎಂದರು ಇಂದುಮತಿ. ಕೂರಲಿಲ್ಲ, ನಿಂತೇ ಹೇಳಿದರು. ಮಗ್ಗಿಯ ಕಥೆಯನ್ನು ಒಂದೂ ಬಿಡದೆ ಹೇಳಿದರು. "ನಿಮ್ಮ ಸುತ್ತೋಲಿ ನಿಂತಿದ್ದು ನನ್ನ ಸುಳ್ಳಿನ ಮ್ಯಾಲ. ಅದಕ್ಕ ನನಗ ಏನ ಶಿಕ್ಷಾ ಕೊಡ್ತೀರಿ ಕೊಡ್ರಿ. ಆ ಹದಿನೈದ ಸೆಕೆಂಡ ಮಾತ್ರ ವಾಪಸ್ ತಗೋರಿ."

ಗೋಡಂಬಿ ತಿನ್ನುವುದು ನಿಂತಿತು. ದೇಸಾಯಿಯವರ ಮುಖ ಕಪ್ಪಿಟ್ಟಿತು. ಆದರೂ ದನಿ ಏರಿಸಲಿಲ್ಲ. "ಮೇಡಮ್, ನೀವು ಮಾಡಿರೋದು ದೊಡ್ಡ ಅಪರಾಧ. ಆಮೇಲೆ ಮಾತಾಡೋಣ. ಆದ್ರೆ ಒಬ್ಬ ಹುಡುಗಿ ಸುಳ್ಳಾದ್ರೆ ಸಿದ್ಧಾಂತ ಸುಳ್ಳಾಗಲ್ಲ. ಗೊಂದಲದಲ್ಲಿ ಮಗು ನರಳುತ್ತೆ. ನರಳೋ ಮಗು ಕಲಿಯಲ್ಲ."

"ನರಳತೈತೋ ವಿಚಾರ ಮಾಡತೈತೋ, ನಿಮ್ಮ ಪಟ್ಟಿಗೆ ಹೆಂಗ ಗೊತ್ತಾಗತೈತ್ರಿ?"

ಆಗ ರುಖಿಯಾ ಕುರ್ಚಿ ತಿರುಗಿಸಿದಳು. ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದನ್ನು ಹೇಳುವವಳ ಹಾಗೆ ಕಂಡಳು.

"ಸರ್, ಆಕಿದು ಹಳೇ ದಾಖಲೆ ಒಂದ ಸಲ ಸೋಸದ ನೋಡ್ಲೇನ್ರಿ?" ಒಪ್ಪಿಗೆಗೆ ಕಾಯದೆ ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದು ಗೆರೆ ಮೂಡಿತು. ಇಪ್ಪತ್ತೆರಡು ನಿಮಿಷ ಏರಿಳಿಯುತ್ತ ಸಾಗಿದ ಗೆರೆ ಕೊನೆಗೆ ಫಟ್ಟನೆ ಮೇಲಕ್ಕೆ ಚಿಮ್ಮಿ, ಒಂದು ಮುಳ್ಳಿನಂತೆ ನಿಂತು, ಇಳಿದಿತ್ತು.

"ಇದಕ್ಕ ನಾವು ಮುಳ್ಳು ಅಂತೀವಿ. ಕೆಮ್ಮಿದಾಗ, ತಲಿ ಅಲ್ಲಾಡಿಸಿದಾಗ ಬರೂ ಗದ್ದಲ ಅಂತ ಯಂತ್ರ ಇದನ್ನ ಅಳಿಸಿ ಹಾಕತೈತಿ. ಹಂಗ ಮಾಡು ಅಂತ ನಾವ ಹೇಳೀವಿ. ಆದ್ರ ಇದು ಕೆಮ್ಮಲ್ರಿ. ಇದು ಬಂದ ಎರಡ ಸೆಕೆಂಡಿಗೆ ಆಕಿ ಉತ್ತರ ಹೇಳ್ಯಾಳ." ಇನ್ನೊಂದು ಗುಂಡಿ ಒತ್ತಿದಳು. "ಯೋಜನಾ ಶುರುವಾದ ಮೊದಲನೇ ವಾರ ಸುಳಿವ ಬಂದ್ ಇಟ್ಟು ಬರೇ ಪಟ್ಟಿ ಕಟ್ಟಿದ್ವಿ. ಆಗ ಜಿಲ್ಲೆದಾಗ ದಿನಕ್ಕ ಆರ ಸಾವಿರ ಮುಳ್ಳು. ಈಗ ದಿನಕ್ಕ ನಲವತ್ತೋ ಐವತ್ತೋ. ಅವೂ ಈಕಿಯಂಥಾ ಒಬ್ಬಿಬ್ಬರಿಗೆ, ಇಲ್ಲಾ ನೆಟ್‌ವರ್ಕ್ ಹೋದ ಊರಾಗ, ಟ್ಯಾಬ್ಲೆಟ್ ಒಡದ ಶಾಲ್ಯಾಗ."

ಇಂದುಮತಿಯವರಿಗೆ ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ದಿನಕ್ಕೆ ಆರು ಸಾವಿರ ಮಕ್ಕಳಿಗೆ ಹೊಳೆಯುತ್ತಿತ್ತು. ಅದನ್ನು ಆರಿಸಿ, ಗದ್ದಲವೆಂದು ಒರೆಸಿ, ಮೇಲೊಂದು ತಾವರೆ ಇಟ್ಟು ಕೈತೊಳೆದುಕೊಂಡಿದ್ದರು. ಯಾರಿಗೂ ಕೇಡು ಬಗೆಯದ, ಚೆನ್ನಾಗಿ ಓದಿದ, ಮೃದುವಾಗಿ ಮಾತಾಡುವ ಜನ.

"ಇದಕ್ಕೆ ಇನ್ನಷ್ಟು ಅಧ್ಯಯನ ಬೇಕು," ಎಂದರು ದೇಸಾಯಿ, ಅಧಿಕಾರಿಗಳ ಕಡೆ ನೋಡಿ ನಕ್ಕು. "ಸಮಿತಿ ಮಾಡೋಣ. ಆರು ತಿಂಗಳಲ್ಲಿ..."

"ಸಮಿತಿ ಯಾಕ್ರಿ? ನೀವ ಒಮ್ಮೆ ಕಟ್ಕೊಳ್ರಿ," ಎಂದರು ಇಂದುಮತಿ. "ನಾ ಒಂದ ಲೆಕ್ಕ ಹೇಳ್ತೀನಿ. ಏಳನೇತ್ತಾದು."

ಅತಿಥಿಗಳಲ್ಲೊಬ್ಬರು ಚಪ್ಪಾಳೆ ತಟ್ಟಿದರು. ಬಂದದ್ದೇ ಪ್ರಾತ್ಯಕ್ಷಿಕೆ ನೋಡಲು. ನಿರ್ದೇಶಕರೇ ಕೂತರೆ ಇನ್ನೇನು ಬೇಕು? ಹಿಂದೆಗೆಯಲು ದೇಸಾಯಿಯವರಿಗೆ ದಾರಿ ಇರಲಿಲ್ಲ. ಪ್ರದರ್ಶನಕ್ಕೆಂದು ಮೂರು ತಿಂಗಳ ಲೆಕ್ಕಾಚಾರವನ್ನು ಮೂರು ನಿಮಿಷಕ್ಕೆ ಇಳಿಸಿ, ಹೊಸ ಹದಿನೈದು ಸೆಕೆಂಡಿನ ಮಿತಿಯನ್ನೇ ಯಂತ್ರಕ್ಕೆ ಊಡಿಸಿದ್ದರು. ಅವರು ಕನ್ನಡಕ ತೆಗೆದು, ಹಣೆಗೆ ಪಟ್ಟಿ ಕಟ್ಟಿ ಕೂತರು. ಇಂದುಮತಿಯವರು ಲೆಕ್ಕ ಹೇಳಿದರು: ನಾಲ್ಕು ಗೇಣು ನೇಯುತ್ತಾಳೆ, ಎರಡು ಗೇಣು ಬಿಚ್ಚುತ್ತಾಳೆ, ಬಟ್ಟೆ ಇಪ್ಪತ್ತು ಗೇಣು.

"ಹತ್ತನೇ ದಿನ," ಎಂದರು ದೇಸಾಯಿ ತಟ್ಟನೆ.

ಟೊಂಯ್ ಎಂದಿತು ಯಂತ್ರ. ತಪ್ಪು.

ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇಸಾಯಿಯವರ ಹಣೆಯ ದೀಪ ಹಳದಿಯಾಯಿತು. ಅವರು ಮೇಜಿನ ಮೇಲೆ ಬೆರಳಲ್ಲಿ ಏನೋ ಗೀಚಿದರು. ತುಟಿ ಅಲುಗಿತು. ದಿನಕ್ಕೆ ಎರಡು, ಹತ್ತು ದಿನಕ್ಕೆ ಇಪ್ಪತ್ತು, ಎಲ್ಲಿ ತಪ್ಪು? ಅವರ ಕಣ್ಣು ಚೂಪಾಯಿತು, ಆ ಅಚ್ಚುಕಟ್ಟಾದ ಮುಖದಲ್ಲಿ ಮೊದಲ ಸಲ ಒಬ್ಬ ಹುಡುಗ ಕಂಡ. ಅಷ್ಟರಲ್ಲಿ ಹದಿನೈದು ಸೆಕೆಂಡಾಯಿತು. ದೀಪ ಕೆಂಪಾಯಿತು. ಟ್ಯಾಬ್ಲೆಟ್ಟು ಜೇನಿನಂಥ ದನಿಯಲ್ಲಿ ಶುರುಮಾಡಿತು.

"ಸುಳಿವು. ಕೊನೆಯ ದಿನ..."

"ಇರಿ, ಇರಿ! ಹೇಳ್ಬೇಡಿ!" ದೇಸಾಯಿ ಅಂಗೈಯಿಂದ ಟ್ಯಾಬ್ಲೆಟ್ಟನ್ನು ಬಡಿದು ಬೋರಲು ಹಾಕಿದರು. "ಬರ್ತಾ ಇದೆ, ನಾನೇ ಹೇಳ್ತೀನಿ!"

ದೇಸಾಯಿಯವರಿಗೆ ತಾವು ಏನು ಅಂದೆವೆಂದು ತಮಗೇ ಕೇಳಿಸಿತು. ಕೈ ಟ್ಯಾಬ್ಲೆಟ್ಟಿನ ಮೇಲೆ ಹಾಗೆಯೇ ಉಳಿಯಿತು. ಬೋರಲು ಬಿದ್ದ ಟ್ಯಾಬ್ಲೆಟ್ಟು ಮೇಜಿನ ಕೆಳಗಿನಿಂದೆಂಬಂತೆ ಗೊಣಗುತ್ತಲೇ ಇತ್ತು: ಅರ್ಧ ಉತ್ತರ, ಪೂರ್ತಿ ಉತ್ತರ, ಕಿಣಿಕಿಣಿ.

ಮೂರು ನಿಮಿಷ ಮುಗಿದವು. ಮೂಲೆಯ ಪ್ರಿಂಟರು ಕಾಗದವೊಂದನ್ನು ಉಗುಳಿತು. ಅದರ ಹಿಂದೆಯೇ ಇನ್ನೊಂದು. ಬನಶಂಕರಿಯ ತಡೆಹಿಡಿದ ಶಿಫಾರಸನ್ನು, ರುಖಿಯಾ ಹಳೆಯ ದಾಖಲೆ ತೆರೆದದ್ದರಿಂದ, ಯಂತ್ರ ಮತ್ತೆ ಜೀವಂತ ಮಾಡಿತ್ತು. ಇಂದುಮತಿಯವರು ಎರಡನ್ನೂ ಎತ್ತಿಕೊಂಡು ಮೊದಲನೆಯದನ್ನು ಗಟ್ಟಿಯಾಗಿ ಓದಿದರು.

"'ತ್ರಿವಿಕ್ರಮ ದೇಸಾಯಿ. ಗೊಂದಲ ತೀವ್ರ. ಸುಳಿವಿಗೆ ಸ್ಪಂದನೆ ಇಲ್ಲ. ಕಲಿಕೆ ಶೂನ್ಯ. ಕೈಕೆಲಸ ವಿಭಾಗಕ್ಕೆ ಶಿಫಾರಸು ಮಾಡಲಾಗಿದೆ. ಶಿಕ್ಷಕರ ಸಹಿ.'"

ಯಾರೋ ಕಿಸಕ್ಕನೆ ನಕ್ಕು ನಿಲ್ಲಿಸಿದರು. ಇಂದುಮತಿಯವರು ನಗಲಿಲ್ಲ. ಎರಡು ಕಾಗದಗಳನ್ನೂ ದೇಸಾಯಿಯವರ ಮುಂದೆ ಪಕ್ಕಪಕ್ಕದಲ್ಲಿ ಇಟ್ಟು, ಪೆನ್ನು ತೆಗೆದರು.

"ಎರಡಕ್ಕೂ ಕಾರಣ ಒಂದ ಐತ್ರಿ ಸರ್. ಅಕ್ಷರಾನೂ ಬ್ಯಾರೆ ಇಲ್ಲ. ಹೇಳ್ರಿ, ಎರಡಕ್ಕೂ ಸಹಿ ಮಾಡ್ಲೋ, ಎರಡೂ ಹರೀಲೋ?"

ದೇಸಾಯಿ ಬಹಳ ಹೊತ್ತು ಮಾತಾಡಲಿಲ್ಲ. ನಲವತ್ತು ಸೆಕೆಂಡಿಗಿಂತ ಬಹಳ ಹೆಚ್ಚು ಹೊತ್ತು. ಯಾರೂ ಅವರಿಗೆ ಸುಳಿವು ಕೊಡಲಿಲ್ಲ. ಕೊನೆಗೆ ಅವರು ಪಟ್ಟಿ ಬಿಚ್ಚಿ, ಬನಶಂಕರಿಯ ಕಾಗದವನ್ನು ಮೊದಲು ಹರಿದರು, ಆಮೇಲೆ ತಮ್ಮದನ್ನು.

"ಒಂಬತ್ತು," ಎಂದರು, ಯಾರ ಮುಖವನ್ನೂ ನೋಡದೆ. "ಮುಗಿದ ಮೇಲೆ ಬಿಚ್ಚೋದಿಲ್ಲ, ಅಲ್ವಾ?"

"ಹೌದ್ರಿ," ಎಂದಳು ಬನಶಂಕರಿ.

*

ಇಷ್ಟಕ್ಕೆ ಸುಗಮ ನಿಂತಿತೆಂದು ಯಾರೂ ತಿಳಿಯಬಾರದು. ಅಷ್ಟು ದೊಡ್ಡ ಯೋಜನೆ ಒಂದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಹದಿನೈದು ಸೆಕೆಂಡಿನ ಸುತ್ತೋಲೆ ಮಾತ್ರ ರದ್ದಾಯಿತು. ದಾಖಲೆ ತಿರುಚಿದ್ದಕ್ಕೆ ಇಂದುಮತಿಯವರಿಗೆ ಮೆಮೊ ಬಂತು, ಬೆನ್ನಿಗೇ ವರ್ಗಾವಣೆ. ಜೂನ್ ತಿಂಗಳಲ್ಲಿ ಅವರು ನೆಟ್‌ವರ್ಕೇ ಇಲ್ಲದ ಊರಿಗೆ ಹೋಗಬೇಕು. ಶಿಕ್ಷೆಯೆಂದು ಹಾಗೆ ಮಾಡಿದ್ದರು. ಓದಿ ಅವರು ಒಬ್ಬರೇ ನಕ್ಕರು. ಬನಶಂಕರಿ ಎಂಟನೆಯ ತರಗತಿಗೆ ಹೆಸರು ಹಚ್ಚಿಸಿದಳು. ಬೀಜಗಣಿತದ ಪುಸ್ತಕವನ್ನು ರಜೆಗೆ ಮೊದಲೇ ಕೇಳಿ ಇಸಿದುಕೊಂಡು ಹೋಗಿ ಮಗ್ಗದ ಪಕ್ಕದಲ್ಲಿ ಇಟ್ಟಿದ್ದಾಳಂತೆ.

ದೇಸಾಯಿಯವರು ಮಾಡಿದ್ದು ಇನ್ನೊಂದೇ ಬದಲಾವಣೆ. ಟ್ಯಾಬ್ಲೆಟ್ಟಿನ ಮೂಲೆಯಲ್ಲಿ ಒಂದು ಗುಂಡಿ ಬಂತು: 'ಹೇಳಬೇಡಿ.' ಅದನ್ನು ಒತ್ತಿದರೆ ಯಂತ್ರ ಬಾಯಿಮುಚ್ಚಿಕೊಂಡು ಕೂರುತ್ತದೆ. ಹತ್ತರಲ್ಲಿ ಒಂದು ಮಗು ಒತ್ತಿದರೆ ಹೆಚ್ಚು ಎಂದು ಸಮಿತಿ ಅಂದಾಜು ಮಾಡಿತ್ತು. ರಜೆಗೆ ಮುಂಚಿನ ಒಂದು ಸೋಮವಾರ ಗುಂಡಿ ಚಾಲೂ ಆಯಿತು. ಸಂಜೆ ಐದಕ್ಕೆ ರುಖಿಯಾ ಫೋನು ಮಾಡಿದಳು.

"ಅಕ್ಕೋರ, ಮೊದಲನೇ ದಿನಾನ ಎಷ್ಟ ಸಲ ಒತ್ಯಾರ ಗೊತ್ತೇನ್ರಿ? ಎಪ್ಪತ್ತೊಂದ ಸಾವಿರ. ನಿಮ್ಮ ವಿರೂಪಾಕ್ಷನೂ ಒತ್ಯಾನ್ರಿ."

ಇಂದುಮತಿಯವರು ಖಾಲಿ ತರಗತಿಯಲ್ಲಿ ನಿಂತಿದ್ದರು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಬುಡದಿಂದಲೇ ಹಳೆಯ ಸಿಟ್ಟು ಮತ್ತೆ ಎದ್ದು ಬಂತು.

"ಎಪ್ಪತ್ತೊಂದ ಸಾವಿರ," ಎಂದರು. "ಹನ್ನೊಂದ ತಿಂಗಳಿಂದ 'ಹೇಳಬ್ಯಾಡ್ರಿ' ಅನ್ನೂದನ್ನ ಗಂಟಲದಾಗ ಇಟ್ಕೊಂಡ ಕುಂತಿದ್ವು ಅವು. ಒಬ್ಬರರ ಕೇಳಿದ್ವೇನ ತಂಗಿ, ನಾವು?"